ಮನೆಯಲ್ಲಿ ಯಾರೂ ಆಡದ ಮಾತು

ಸುರೇಬಾನದ ಬಸ್ ನಿಲ್ದಾಣದ ಎದುರಿಗೆ ಭಾಂಡೆ-ಪಾತ್ರೆಗಳ ಅಂಗಡಿ ಇಟ್ಟಿರುವ ನಿಜಗುಣಪ್ಪ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಥೆ ಅರ್ಧಕ್ಕೆ ಬಂದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಅವನಿಗಿರುವ ಜಡ್ಡು ಒಂದೇ. ಯಾರು ಏನು ಹೇಳಿದರೂ ಅರ್ಧ ಕೇಳುತ್ತಾನೆ, ಉಳಿದರ್ಧವನ್ನು ತಾನೇ ತಯಾರಿಸುತ್ತಾನೆ, ಆಮೇಲೆ ಪೂರ್ತಿ ಗೊತ್ತಿದ್ದವನ ಹಾಗೆ ಊರಿಗೆಲ್ಲ ಬುದ್ಧಿ ಹೇಳುತ್ತಾನೆ. ಹಿಂದೊಮ್ಮೆ ಡಾಕ್ಟರು ಅವನ ತಾಯಿ ಗುರವ್ವನಿಗೆ ಉಪ್ಪು ಕಡಿಮೆ ಮಾಡಲು ಹೇಳಿದ್ದರು. ಇವನು ಮನೆಯ ಉಪ್ಪನ್ನೆಲ್ಲ ಒಯ್ದು ಎಮ್ಮೆಗೆ ಹಾಕಿದ. ಮರುದಿನ ಎಮ್ಮೆಗೆ ಡಾಕ್ಟರನ್ನು ಕರೆಸಬೇಕಾಯಿತು.

ನಾನು ಪರಪ್ಪ, ದರ್ಜಿ. ರಸ್ತೆಯ ಈಚೆ ಬದಿಗೆ ನನ್ನ ಮಷೀನು, ಆಚೆ ಬದಿಗೆ ಅವನ ಹಿತ್ತಾಳೆ ಕೊಡಗಳು. ಅವನ ಮನೆ ಅಂಗಡಿಯ ಹಿಂದೆಯೇ ಇದೆ. ಅಲ್ಲಿ ಜೋರಾಗಿ ಮಾತಾಡಿದರೆ ನನ್ನ ಮಷೀನಿನ ತನಕ ಕೇಳುತ್ತದೆ, ಮೆಲ್ಲಗೆ ಮಾತಾಡಿದರೆ ನನ್ನ ಹೆಂಡತಿ ಮರೆವ್ವ ಹೋಗಿ ಕೇಳಿಕೊಂಡು ಬರುತ್ತಾಳೆ. ಹಾಗಾಗಿ ಈ ಕಥೆಯಲ್ಲಿ ನಾನು ಕೈಯಿಂದ ಹಾಕಿದ ಹೊಲಿಗೆ ಒಂದೂ ಇಲ್ಲ.

ಆದದ್ದು ಹೀಗೆ. ನಮ್ಮ ಮಕ್ಕಳು ಓದುವ ಹೈಸ್ಕೂಲಿನಲ್ಲಿ ಪಾಲಕರ ಸಭೆ ಕರೆದಿದ್ದರು. ಮಕ್ಕಳು ಮೊಬೈಲಿನಲ್ಲಿ ಮೋಸ ಹೋಗದಂತೆ ನೋಡಿಕೊಳ್ಳುವುದು ಹೇಗೆ ಎಂದು ಹೇಳಲು ರಾಮದುರ್ಗದಿಂದ ಒಬ್ಬ ಪೊಲೀಸ್ ಮೇಡಂ ಬಂದಿದ್ದರು. ವಯಸ್ಸು ಸಣ್ಣದು, ಮಾತು ಗಟ್ಟಿ. ಮೊದಲು, ಮಕ್ಕಳ ಪಕ್ಕ ಕುಳಿತು ಅವರು ಫೋನಿನಲ್ಲಿ ಏನು ನೋಡುತ್ತಾರೆ, ಯಾರ ಜೊತೆ ಮಾತಾಡುತ್ತಾರೆ ತಿಳಿದುಕೊಳ್ಳಿ ಎಂದರು. ನಿಜಗುಣಪ್ಪ ತಲೆಯಾಡಿಸಿದ. ಎರಡನೆಯದನ್ನು ಅವರು ಮೇಜು ಕುಟ್ಟಿ ಹೇಳಿದರು: ಮಗು ಬಂದು ಏನಾದರೂ ಹೇಳಲು ಬಾಯಿ ತೆರೆದರೆ, ಕೈಯಲ್ಲಿರುವ ಕೆಲಸ ಬಿಟ್ಟು ಕೇಳಿ, ಬೈಯಬೇಡಿ. ಈ ಮಾತು ನಡೆಯುವಾಗ ನಿಜಗುಣಪ್ಪ ವರಾಂಡದಲ್ಲಿದ್ದ. ತೊರಗಲ್ಲಿನವರ ಮದುವೆಗೆ ಭಾಂಡೆ ಬೇಕೆಂದು ಫೋನ್ ಬಂದಿತ್ತು. ಮೂರನೆಯದಕ್ಕೆ ಅವನು ಚಹಾದ ಕಪ್ಪಿನೊಂದಿಗೆ ಒಳಗೆ ಬಂದ.

ಮೂರನೆಯದು ಇದು. ಈಗ ಮಷೀನುಗಳು ಮನುಷ್ಯರ ದನಿಯನ್ನೇ ಕದಿಯುತ್ತವೆ, ಅಪ್ಪನ ದನಿಯಲ್ಲಿ, ಅವ್ವನ ದನಿಯಲ್ಲಿ ಮಕ್ಕಳಿಗೆ ಫೋನ್ ಬರಬಹುದು. ಆದ್ದರಿಂದ ಮನೆಯವರೆಲ್ಲ ಕೂಡಿ ಒಂದು ಗುರುತಿನ ಮಾತು ಇಟ್ಟುಕೊಳ್ಳಿ, ಅದು ಮನೆಯಲ್ಲಿ ದಿನವೂ ಯಾರೂ ಆಡದ ಮಾತಾಗಿರಲಿ, ಮತ್ತು... ಇಲ್ಲಿಗೆ ತೊರಗಲ್ಲಿನವರು ಮತ್ತೆ ಫೋನ್ ಮಾಡಿದರು. ನಿಜಗುಣಪ್ಪ ವರಾಂಡಕ್ಕೆ ಓಡಿದ. 'ಮತ್ತು ಹೊರಗಿನವರಿಗೆ ಗೊತ್ತಿರದ ಮಾತಾಗಿರಲಿ' ಎಂಬುದನ್ನು ನಾವೆಲ್ಲ ಕೇಳಿದೆವು. ಅವನು ಕೇಳಿದ್ದು ದೊಡ್ಡ ಹಂಡೆಗಳ ಆರ್ಡರನ್ನು.

ಅಂದು ಸಂಜೆಯೇ ಮನೆಯಲ್ಲಿ ಸಭೆ. ತಾಯಿ ಗುರವ್ವ, ಹೆಂಡತಿ ಸೋಮವ್ವ, ಒಂಬತ್ತನೆಯ ತರಗತಿಯ ಮಗಳು ಐಶ್ವರ್ಯಾ, ಮೂವರನ್ನೂ ಸಾಲಾಗಿ ಕೂರಿಸಿ ನಿಜಗುಣಪ್ಪ ಮನೆಯಲ್ಲಿ ಯಾರೂ ಆಡದ ಮಾತೊಂದು ಬೇಕು ಎಂದ. ಐಶ್ವರ್ಯಾ ಇಂಗ್ಲಿಷಿನ ಯಾವುದೋ ಪ್ರಾಣಿಯ ಹೆಸರು ಹೇಳಿದಳು. ಅದು ಆಯಿ ಗುರವ್ವನ ನಾಲಿಗೆಗೆ ಹೊರಳುವುದಿಲ್ಲ ಎಂದು ಅಪ್ಪ ತಳ್ಳಿಹಾಕಿದ. ಗುರವ್ವ 'ಎಲ್ಲವ್ವ' ಎಂದಳು. ಎದ್ದಾಗ, ಕೂತಾಗ, ಆಕಳಿಸಿದಾಗ ಅವಳು ಎಲ್ಲವ್ವನನ್ನೇ ಕರೆಯುವವಳು, ಅದೂ ನಡೆಯಲಿಲ್ಲ. ಸೋಮವ್ವನಿಗೆ ರೊಟ್ಟಿ ಬಡಿಯುವ ಹೊತ್ತಾಗಿತ್ತು. ಅವಳು ಎದ್ದು, "ಇಲ್ಲಿ ಕೇಳ್ರಿ, ನಿಮ್ಮ ಮಾತು ನಾಳಿ ಹುಡಿಕ್ರಿ, ನಂದು ಒಲಿ ಆರಾಕತ್ತೈತಿ" ಎಂದಳು.

ನಿಜಗುಣಪ್ಪ ಚಕ್ಕನೆ ನೆಟ್ಟಗಾದ. ಇಲ್ಲಿ ಕೇಳ್ರಿ! ಮದುವೆಯಾದಂದಿನಿಂದ ಅವನು ಈ ಮನೆಯಲ್ಲಿ 'ಇಲ್ಲಿ ಕೇಳ್ರಿ'. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲೋ ತೊಟ್ಟಿಲ ಕಾರ್ಯದಲ್ಲೋ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದರೆ ಮಾತ್ರ, ಪ್ರಾಸ ಕಟ್ಟಿ, ಒಡಪು ಹಾಕಿ, ಅದರೊಳಗೆ ಹೆಸರನ್ನು ಬಚ್ಚಿಟ್ಟು ಹೇಳುತ್ತಾರೆ. ಇನ್ನು ಗುರವ್ವ ಹಡೆದ ತಾಯಿ, ಆದರೆ ಮಗನಿಗೆ ಇಟ್ಟದ್ದು ಅವಳ ಮಾವನ ಹೆಸರು. ಮಾವನ ಹೆಸರನ್ನೂ ಸೊಸೆ ಬಾಯಲ್ಲಿ ತರಬಾರದು. ಹಾಗಾಗಿ ಅವಳಿಗೆ ಮಗ ಹುಟ್ಟಿದಾಗಿನಿಂದ 'ತಮ್ಮ'. ಮಗಳಂತೂ ಅಪ್ಪನ ಹೆಸರು ಹಿಡಿದು ಕರೆಯುವ ಮಾತೇ ಇಲ್ಲ.

"ನಿಜಗುಣಪ್ಪ," ಎಂದು ಅವನು ತನ್ನ ಹೆಸರನ್ನು ತಾನೇ ಘೋಷಿಸಿದ. "ಈ ಮನ್ಯಾಗ ಯಾರೂ ಆಡದ ಮಾತು ಇದ ಒಂದ."

ಗುರವ್ವ ಕಿವಿ ಮುಚ್ಚಿಕೊಂಡಳು. ಸೋಮವ್ವ ತಾನು ಅದನ್ನು ಹೇಗೆ ಹೇಳಲಿ ಎಂದು ಕೇಳಿದಳು. ಹೇಳಬಾರದು ಎಂದೇ ಇಟ್ಟಿದ್ದು ಎಂದ ಗಂಡ. ಹೇಳದಿದ್ದರೆ ಗುರುತು ಸಿಗುವುದು ಹೇಗೆ ಎಂದಳು. ಹೇಳಬಾರದ್ದನ್ನು ಹೇಳಿದಾಗಲೇ ಗುರುತು ಎಂದ. ಯಾರಿಗೂ ತಿಳಿಯಲಿಲ್ಲ. ಹೇಳಿದವನಿಗೂ ತಿಳಿಯಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಕಾಯಿದೆ ಜಾರಿಗೆ ಬಂತು: ಆ ಮಾತು ಹೇಳಿದವರು ನಮ್ಮವರು. ಹೇಳದವರು ನಮ್ಮವರಲ್ಲ, ಹಡೆದವ್ವನೇ ಆಗಿರಲಿ.

ಮರುದಿನ ಅವನು ಇದನ್ನು ನನಗೆ ಗುಟ್ಟಾಗಿ ಹೇಳಿದ. ನಾನು ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆಯೆತ್ತಿ ರಸ್ತೆಯಾಚೆ ನೋಡಿದೆ. 'ಶ್ರೀ ನಿಜಗುಣಪ್ಪ ಭಾಂಡೆ ಸ್ಟೋರ್ಸ್' ಎಂದು ಮೊಳದುದ್ದದ ಕೆಂಪು ಅಕ್ಷರ. ರಾಮದುರ್ಗದ ಬಸ್ಸಿನಲ್ಲಿ ಕೂತವರಿಗೂ ಕನ್ನಡಕವಿಲ್ಲದೆ ಕಾಣುತ್ತದೆ.

"ಸಾವಕಾರ್ರ," ಎಂದೆ, "ಬೋರ್ಡ್ ಮ್ಯಾಲೆ ಬರದೈತೆಲ್ಲರಿ."

ಅವನು ನನ್ನನ್ನು ಕನಿಕರದಿಂದ ನೋಡಿದ. "ಪರಪ್ಪ, ಬೋರ್ಡು ಹೊರಗ ಐತಿ. ಮಾತು ಒಳಗ ಐತಿ."

ಇದಕ್ಕೆ ಎದುರಾಡುವುದು ಹೇಗೆ ಹೇಳಿ. ನಾನು ದಾರ ಪೋಣಿಸಿದೆ.

ಆ ವಾರವೇ ಸೋಮವ್ವ ಕಟಕೋಳಕ್ಕೆ ಹೊರಟಳು. ಅವಳ ಅಣ್ಣ ಶಂಕ್ರೆಪ್ಪನ ಮೊಮ್ಮಗುವಿಗೆ ತೊಟ್ಟಿಲ ಕಾರ್ಯ. ಶಾಲೆಯ ಅಭ್ಯಾಸವೆಲ್ಲ ಅವಳ ಮೊಬೈಲಿಗೇ ಬರುತ್ತಿದ್ದುದರಿಂದ ಅದನ್ನು ಐಶ್ವರ್ಯಾಳ ಕೈಗೆ ಕೊಟ್ಟು, ತಾನು ಬರಿಗೈಯಲ್ಲಿ ಹೋದಳು. ಅಂದು ಸಂಜೆ ಅತ್ತಿಗೆಯ ಫೋನಿನಿಂದ ಗಂಡನ ಅಂಗಡಿಗೆ ಫೋನ್ ಮಾಡಿದಳು. ಹೊಸ ನಂಬರು.

"ನಾ ರೀ," ಎಂದಿತು ದನಿ.

"ನಾ ಅಂದ್ರ ಯಾರು?" ಎಂದ ನಿಜಗುಣಪ್ಪ. ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಸುಮ್ಮನಿರಲು ಕೈಸನ್ನೆ ಮಾಡಿದ.

"ನಾನ ರೀ. ಕಡ್ಲಿ ನೆನಿ ಇಡಾಕ ಹೇಳೂದು ಮರತಿದ್ದೆ."

"ಮೊದಲ ಗುರುತಿನ ಮಾತು ಹೇಳ್ರಿ. ಕಡ್ಲಿ ವಿಚಾರ ಆಮ್ಯಾಲೆ."

ಬಹುವಚನ ಕೇಳಿ ಸೋಮವ್ವ ಗಾಬರಿಯಾದಳಂತೆ. ಅಲ್ಲಿ ಅವಳ ಅಣ್ಣ ಇದ್ದ, ಬೀಗರಿದ್ದರು, ತುಂಬಿದ ಮನೆ. ಎಲ್ಲರ ಎದುರು ಗಂಡನ ಹೆಸರು ಹಿಡಿದು ಕೂಗುವುದೆ? ಫೋನ್ ಇಟ್ಟುಬಿಟ್ಟಳು. ಇತ್ತ ನಿಜಗುಣಪ್ಪನ ಮುಖ ಬೆಳ್ಳಗಾಯಿತು. ತನ್ನ ಹೆಂಡತಿಯ ದನಿ ಕಳುವಾಗಿದೆ ಎಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಸಾರಿದ. ಸಭೆಯಲ್ಲಿ ಮೇಡಂ ಕೊಟ್ಟಿದ್ದ ನಂಬರಿಗೆ ಫೋನ್ ಹಚ್ಚಿದ. ಅವರು ಕೇಳಿದ್ದು ಇವನಿಗಷ್ಟೇ ಕೇಳಿಸುತ್ತಿತ್ತು, ಇವನ ಉತ್ತರ ಇಡೀ ನಿಲ್ದಾಣಕ್ಕೆ. ಇಲ್ಲರಿ, ಓಟಿಪಿ ಕೇಳಲಿಲ್ಲರಿ. ಫೋಟೋನೂ ಕೇಳಲಿಲ್ಲರಿ. ಕಡಲೆ ನೆನೆ ಇಡಲು ಹೇಳಿದರರಿ. ಹೌದರಿ, ಕಡಲೆರಿ. ಆ ಕಡೆ ಮೇಡಂ ಕೊನೆಗೆ, ಮನೆಯಲ್ಲಿ ಕಡಲೆ ಇದೆಯೇ ಎಂದು ಕೇಳಿದರಂತೆ. ಇದೆ ಎಂದ. ಹಾಗಾದರೆ ನೆನೆ ಇಡಿ ಎಂದು ಹೇಳಿ ಇಟ್ಟರು. ಪೊಲೀಸರಿಗೂ ಇದರ ಹುನ್ನಾರ ತಿಳಿಯುತ್ತಿಲ್ಲ ಎಂದು ನಿಜಗುಣಪ್ಪ ನಮಗೆ ವಿವರಿಸಿದ. ಕಡಲೆ ನೆನೆ ಇಡಲಿಲ್ಲ.

ಸುದ್ದಿ ಕೇಳಿದ ಗುರವ್ವ ಅಡುಗೆಮನೆಯಿಂದ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದಳು. ಸೊಸೆಯ ದನಿ ಕದ್ದವರ ಕಣ್ಣು ಸುಟ್ಟುಹೋಗಲಿ ಎಂದು ಶಪಿಸುತ್ತ ಮಗನ ಫೋನಿಗೆ ದೃಷ್ಟಿ ತೆಗೆದು, ಎಲ್ಲವನ್ನೂ ಒಲೆಗೆ ಹಾಕಿದಳು. ಆ ಘಾಟಿಗೆ ತೊರಗಲ್ಲಿನ ಗಿರಾಕಿಗಳು ಹಂಡೆ ಬಿಟ್ಟು ರಸ್ತೆಗೆ ಓಡಿದರು. ನಾನೂ ಹೊಲಿಯುತ್ತಿದ್ದ ಅಂಗಿಗೆ ಮೂರನೆಯ ತೋಳು ಹಚ್ಚುವುದರಲ್ಲಿದ್ದೆ.

ಮರುದಿನ ಬೆಂಗಳೂರಿನ ಯಾವುದೋ ವಿಮೆ ಕಂಪನಿಯ ಹುಡುಗಿ ಫೋನ್ ಮಾಡಿ, "ನಮಸ್ಕಾರ ನಿಜಗುಣಪ್ಪ ಅವರೇ" ಎಂದಳು. ನಮ್ಮವನು ಉಬ್ಬಿಹೋದ. ನೋಡು, ಮಾತು ಹೇಗೆ ಥಟ್ಟನೆ ಹೇಳಿದಳು ಎಂದು ನನಗೆ ಕಣ್ಣು ಹೊಡೆದು, ಅವಳಿಗೆ ಮನೆಯಲ್ಲಿ ಎಷ್ಟು ಜನ, ಮಗಳ ವಯಸ್ಸು ಎಷ್ಟು, ತಾಯಿಯ ಉಪ್ಪು, ಎಮ್ಮೆಯ ಹೊಟ್ಟೆನೋವು ಎಲ್ಲ ಹೇಳಿದ. ಕೊನೆಗೆ ಅವಳೇ ಬೇಸತ್ತು ಫೋನ್ ಇಟ್ಟಳು. ಹೀಗೆ ಎರಡೇ ದಿನದಲ್ಲಿ ಹೊರಗಿನವಳೊಬ್ಬಳು ಪಾಸಾಗಿ, ಮನೆಯವಳೊಬ್ಬಳು ನಪಾಸಾದಳು. ಕಾಯಿದೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ನಿಜಗುಣಪ್ಪನಿಗೆ ಸಮಾಧಾನ.

ಇಲ್ಲಿಯವರೆಗೆ ನಗುವ ಮಾತು. ಇನ್ನು ಮುಂದಿನದನ್ನು ನೆನೆದರೆ ನಾನು ಈಗಲೂ ಮಷೀನು ನಿಲ್ಲಿಸಿ ಕೂರುತ್ತೇನೆ.

ಐಶ್ವರ್ಯಾ ಚೆನ್ನಾಗಿ ಹಾಡುತ್ತಾಳೆ. ಅಪ್ಪನ ಅಂಗಡಿಯ ಮುಂದೆ ನಿಂತು ಹಾಡಿದ್ದನ್ನು ವಿಡಿಯೋ ಮಾಡಿ ಮೊಬೈಲಿನಲ್ಲಿ ಹಾಕಿದ್ದಳು, ತಲೆಯ ಮೇಲೆ ಆ ಮೊಳದುದ್ದದ ಬೋರ್ಡೂ ಬಂದಿತ್ತು. ಅದನ್ನು ನೋಡಿ ಗುರುನಾಥ ಎಂಬ ಹೆಸರಿನವನೊಬ್ಬ ಅವಳಿಗೆ ಸಂದೇಶ ಕಳಿಸಿದ. ಟೀವಿಯ ಹಾಡಿನ ಕಾರ್ಯಕ್ರಮಕ್ಕೆ ಮಕ್ಕಳನ್ನು ಆರಿಸುವವನಂತೆ. ಗುರುವಾರ ರಾಮದುರ್ಗದ ಬಸ್ ನಿಲ್ದಾಣಕ್ಕೆ ಬಾ, ಕಾರು ನಿಂತಿರುತ್ತದೆ, ಅವ್ವನಿಗೆ ಹೇಳಬೇಡ, ಟೀವಿಯಲ್ಲಿ ನೋಡಿಯೇ ಅವಳು ಬೆರಗಾಗಲಿ. ಹುಡುಗಿ ಜಾಣೆ. ಕಾಯಿದೆಯ ಪ್ರಕಾರ ಗುರುತಿನ ಮಾತು ಕೇಳಿದಳು. ಅವನಿಗೆ ಏನು ತಿಳಿಯಿತೋ, 'ನಿಮ್ಮಪ್ಪ ನಿಜಗುಣಪ್ಪ ನನಗೆ ಚೆನ್ನಾಗಿ ಗೊತ್ತು' ಎಂದು ಬರೆದ.

ಮಾತು ಬಂತು. ಆದರೂ ಅವಳಿಗೆ ಏನೋ ಚುಚ್ಚಿತು. ಸೀದಾ ಅಂಗಡಿಗೆ ಬಂದಳು. ಅಪ್ಪ ತಕ್ಕಡಿಯಲ್ಲಿ ಹಳೆಯ ಹಿತ್ತಾಳೆ ತೂಗುತ್ತಿದ್ದ.

"ಅಪ್ಪಾ, ಗುರುನಾಥ ಅಂತ ಒಬ್ರು ಟೀವ್ಯಾಗ ಹಾಡಾಕ ಕರದಾರ. ಆದ್ರ ಅವರು..."

"ಮಾತು ಹೇಳ್ಯಾರೇನು?"

"ಹೇಳ್ಯಾರ. ಆದ್ರ ಅವ್ವಗ..."

"ಹೇಳ್ಯಾರಂದ್ರ ಮುಗೀತು. ನಮ್ಮವರ. ತಕ್ಕಡಿ ನಡುವ ಬರಬ್ಯಾಡವಾ."

ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ನಾನು ಈಚೆಯಿಂದ ನೋಡಿದೆ. ಆಮೇಲೆ ಹೋದಳು.

ಮಗಳು ಟೀವಿಯಲ್ಲಿ ಹಾಡುವ ಸುದ್ದಿಯನ್ನು ನಿಜಗುಣಪ್ಪ ಸಂಜೆಯೊಳಗೆ ಊರಿಗೆಲ್ಲ ಹಂಚಿದ. ಯಾವ ಗುರುನಾಥ ಎಂದು ನಾನು ಕೇಳಿದೆ. ಅವನು ತಲೆ ಕೆರೆದುಕೊಂಡ. ತಾಮ್ರ ಕಳಿಸುವ ಗುರುನಾಥ ಇದ್ದಾನೆ, ಸವದತ್ತಿಯಲ್ಲಿ ಜೊತೆಗೆ ಓದಿದ ಗುರುನಾಥ ಇದ್ದಾನೆ, ಅವರಿಬ್ಬರೂ ಟೀವಿಯಲ್ಲಿಲ್ಲ. ಮಾತು ಹೇಳಿದ ಮೇಲೆ ಯಾವ ಗುರುನಾಥನಾದರೂ ನಮ್ಮವನೇ ಎಂದು ತೀರ್ಮಾನ ಕೊಟ್ಟ. ನಾನೂ ಎಂಥ ಮೂಢ ನೋಡಿ, ಆ ಹುಡುಗಿಗೆ ಟೀವಿಗೆಂದು ಉದ್ದ ಲಂಗದಂಥ ಹಸಿರು ಪರಕಾರ ಹೊಲಿಯಲು ಒಪ್ಪಿಕೊಂಡು, ಜರಿ ಅಂಚು ತರಲು ಗುರುವಾರ ಬೆಳಿಗ್ಗೆಯೇ ಮರೆವ್ವನನ್ನು ರಾಮದುರ್ಗಕ್ಕೆ ಅಟ್ಟಿದೆ. ಆಮೇಲೆ ಮನೆಯಲ್ಲೇ ಒಂದು ತುಂಡು ಅಂಚು ಸಿಕ್ಕಿ, ಅದನ್ನೇ ಹಚ್ಚಿ ಮುಗಿಸಿದೆ.

ಮಧ್ಯಾಹ್ನ ಐಶ್ವರ್ಯಾ ಪರಕಾರ ಒಯ್ಯಲು ನನ್ನ ಅಂಗಡಿಗೆ ಬಂದಳು. ಅಪ್ಪ ಜೊತೆಗೆ ಹೋಗಬೇಕೆಂದಿದ್ದ, ಆದರೆ ತೊರಗಲ್ಲಿನವರು ಹಂಡೆಗಳ ಮೇಲೆ ವಧೂವರರ ಹೆಸರು ಕೆತ್ತಿಸಲು ಬಂದು ಕೂತಿದ್ದರು. ಬಸ್ಸಿಗೆ ಹತ್ತಿಸಿದರೆ ಸಾಕು, ಆ ಕಡೆ ಗುರುನಾಥ ಇದ್ದಾನಲ್ಲ ಎಂದ. ಬಸ್ಸು ನಿಲ್ದಾಣದಲ್ಲಿ ಹಾರ್ನು ಹೊಡೆಯುತ್ತಿತ್ತು. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು. ನನ್ನ ಹೆಂಡತಿ ಮರೆವ್ವನ ನಂಬರು. ಅವಳು ಸ್ಪೀಕರ್ ಹಾಕಿದಳು.

ಬಂದದ್ದು ಸೋಮವ್ವನ ದನಿ.

ಆ ಕಡೆಯ ಬಸ್ಸಿನೊಳಗಿನ ಸಂಗತಿಯನ್ನು ಮರೆವ್ವ ಆಮೇಲೆ ಹೇಳಿದ್ದು. ರಾಮದುರ್ಗದಿಂದ ಸುರೇಬಾನಕ್ಕೆ ಬರುವ ಬಸ್ಸಿನಲ್ಲಿ ಅವಳ ಪಕ್ಕ ಕಟಕೋಳದಿಂದ ಮರಳುತ್ತಿದ್ದ ಸೋಮವ್ವ ಕೂತಿದ್ದಳು. ಜರಿ ಅಂಚು ತೋರಿಸುತ್ತ ಇವಳು ಟೀವಿಯ ಸುದ್ದಿ ಹೇಳಿದಳು. ಯಾವ ಟೀವಿ, ಯಾವ ಕಾರು, ಯಾವ ಗುರುನಾಥ ಎಂದು ಸೋಮವ್ವ ಮೂರು ಪ್ರಶ್ನೆ ಕೇಳಿದಳಂತೆ. ಮೂರಕ್ಕೂ ಉತ್ತರ ಇರಲಿಲ್ಲ. ಅವಳು ಮರೆವ್ವನ ಕೈಯಿಂದ ಫೋನ್ ಕಸಿದುಕೊಂಡು ಗಂಡನಿಗೆ ಹಚ್ಚಿದಳು. ಮರೆವ್ವನ ನಂಬರಿನಲ್ಲಿ ಹೆಂಡತಿಯ ದನಿ ಕೇಳಿದ ನಿಜಗುಣಪ್ಪ, ಕಳ್ಳರು ಈಗ ಪರಪ್ಪನ ಮನೆಗೂ ನುಗ್ಗಿದ್ದಾರೆ ಎಂದು ಕಿರುಚಿ ಫೋನ್ ಬಂದ್ ಮಾಡಿದನಂತೆ. ಆಗ ಅವಳು ಮಗಳಿಗೆ ಹಚ್ಚಿದಳು.

"ಐಶೂ, ಬಸ್ ಹತ್ತಬ್ಯಾಡ. ಅವ ಯಾರೋ ಏನೋ. ಹೋಗಬ್ಯಾಡ."

"ಗುರುತಿನ ಮಾತು ಹೇಳು," ಎಂದಳು ಮಗಳು.

ಇದು ನನ್ನ ಹೆಂಡತಿಯ ಫೋನು ಎಂದು ನಾನು ನಡುವೆ ಬಾಯಿ ಹಾಕಿದೆ. ಕಳ್ಳರು ನಂಬರೂ ಕದಿಯುತ್ತಾರೆ ಎಂದು ಅಪ್ಪ ಹೇಳಿದ್ದಾರೆ ಎಂದಳು. ಹೋಗಬೇಕೆಂಬ ಆಸೆ ಇದ್ದವರಿಗೆ ಕಾಯಿದೆ ಬಹಳ ಚೆನ್ನಾಗಿ ನೆನಪಿರುತ್ತದೆ. ನನಗೂ ತಲೆ ಕೆಟ್ಟಿತು. ಖರೇ ಸೋಮವ್ವನೋ, ಮಷೀನೋ? ಮರೆವ್ವನ ಫೋನು ಕಳುವಾಗಿದ್ದರೆ ಮರೆವ್ವ ಎಲ್ಲಿ?

ಅತ್ತ ಬಸ್ಸಿನಲ್ಲಿ ಸಂಗತಿ ತಿಳಿದ ಜನ ಸುಮ್ಮನಿರಲಿಲ್ಲ. ಭಾಂಡೆ ಅಂಗಡಿಯ ನಿಜಗುಣಪ್ಪನೇ ಅಲ್ಲವೆ ಎಂದು ಮರೆವ್ವ ಕೂಗಿದಳು, ಕಂಡಕ್ಟರ್ ಕೂಗಿದ, ಹಿಂದಿನ ಸೀಟಿನ ಮುದುಕನೊಬ್ಬ ತಂದೆಯ ಹೆಸರನ್ನೂ ಸೇರಿಸಿ ಕೂಗಿದ. ಇಡೀ ಬಸ್ಸು ಗುರುತಿನ ಮಾತು ಹೇಳಿತು. ಈ ಕಡೆ ಹುಡುಗಿ ಅಳುವ ದನಿಯಲ್ಲಿ, "ಎಲ್ಲಾರೂ ಹೇಳಾಕತ್ತಾರ, ಅವ್ವ ಒಬ್ಬಾಕಿ ಬಿಟ್ಟು. ನೀ ಅವ್ವ ಇದ್ರ ನೀನ ಹೇಳು" ಎಂದಳು.

ಬಸ್ಸಿನ ಹೆಂಗಸರು ಸೋಮವ್ವನಿಗೆ ಒಡಪು ಹಾಕು, ಒಡಪು ಹಾಕು ಎಂದರು. ಅವಳು ಸೆರಗು ಹೊದ್ದು, ಕಣ್ಣು ಮುಚ್ಚಿ ಶುರು ಮಾಡಿದಳು:

"ಹಿತ್ತಾಳಿ ಕೊಡಕ್ಕ ಹುಣಸಿಹಣ್ಣ ಹಚ್ಚಿ ತಿಕ್ಕೇನಿ ಫಳಫಳ..."

ಅಲ್ಲಿಗೆ ರೇಂಜು ಹೋಯಿತು. ನನ್ನ ಅಂಗಡಿಯಲ್ಲಿ ಕೇಳಿದ್ದು ಫಳಫಳದ ತನಕ. ಹೆಸರು ಬರುವುದು ಎರಡನೆಯ ಸಾಲಿನಲ್ಲಿ.

ಹೊರಗೆ ಬಸ್ಸಿನ ಇಂಜಿನು ಶುರುವಾಯಿತು. ಹುಡುಗಿ ಪರಕಾರದ ಪಿಶವಿ ಚೀಲ ಎತ್ತಿಕೊಂಡು ಬಾಗಿಲ ತನಕ ಹೋದಳು. ಫೋನ್ ಮತ್ತೆ ಬಡಿಯಿತು. ಮತ್ತೆ "ಹಿತ್ತಾಳಿ ಕೊಡಕ್ಕ", ಮತ್ತೆ ಹುಣಸೆಹಣ್ಣು, ಮತ್ತೆ ಕೊರಕೊರ ಎಂದು ಕಡಿದುಹೋಯಿತು. ನನ್ನ ಇಷ್ಟು ವರ್ಷದ ಬದುಕಿನಲ್ಲಿ ಒಂದು ಪ್ರಾಸಕ್ಕಾಗಿ ನಾನು ಅಷ್ಟು ಕಾದದ್ದಿಲ್ಲ. ಇನ್ನೊಂದು ಸಲ ಫೋನ್ ಬಡಿದಾಗ ಹುಡುಗಿಯ ಒಂದು ಕಾಲು ರಸ್ತೆಯ ಮೇಲಿತ್ತು. ಈ ಸಲ ಕೊಡವೂ ಇಲ್ಲ, ಹುಣಸೆಹಣ್ಣೂ ಇಲ್ಲ.

"ನಿಜಗುಣಪ್ಪ," ಎಂದಿತು ಸೋಮವ್ವನ ದನಿ. "ನಿನ್ನ ಅಪ್ಪ ನಿಜಗುಣಪ್ಪ. ನನ್ನ ಗಂಡ ನಿಜಗುಣಪ್ಪ. ಆ ಅರ್ಧ ಕಿವಿ ನಿಜಗುಣಪ್ಪ. ಇನ್ನ ಎಷ್ಟ ಸಲ ಹೇಳ್ಲಿ ಮಗಳ? ಬಸ್ ಹತ್ತಬ್ಯಾಡ. ನಾ ಬರಾಕತ್ತೇನಿ."

ಕಂಡಕ್ಟರ್ ಹರಿಯುತ್ತಿದ್ದ ಟಿಕೇಟನ್ನು ಹಾಗೆಯೇ ಹಿಡಿದು ನಿಂತನಂತೆ. ಹೆಂಗಸರು ಗಲ್ಲದ ಮೇಲೆ ಕೈ ಇಟ್ಟುಕೊಂಡರಂತೆ. ಇಲ್ಲಿ ಐಶ್ವರ್ಯಾ ಪಿಶವಿ ಕೈಬಿಟ್ಟು, ನನ್ನ ಸ್ಟೂಲಿನ ಮೇಲೆ ಕುಸಿದು ಕೂತು ಅಳತೊಡಗಿದಳು. ರಸ್ತೆಯಾಚೆ ನಿಜಗುಣಪ್ಪ ಹಂಡೆ ಹಿಡಿದುಕೊಂಡು ಹೊರಗೆ ಬಂದ. ಯಾರು ಕರೆದರು ಎಂದು ಆ ಕಡೆ ಈ ಕಡೆ ನೋಡಿದ. ಗಿರಾಕಿ ಇರಬೇಕು ಎಂದುಕೊಂಡಿದ್ದ. ಅಷ್ಟರಲ್ಲಿ ಸ್ಪೀಕರಿನಿಂದ ಮತ್ತೊಮ್ಮೆ ಅವನ ಹೆಸರು ಬಂತು, ಅವನಿಗೆ ದನಿಯ ಗುರುತು ಸಿಕ್ಕಿತು. ಹಂಡೆ ಕೈ ತಪ್ಪಿ ಬಿದ್ದು ಉರುಳುತ್ತ ಬಸ್ಸಿನ ಮುಂದೆ ಹೋಯಿತು. ಡ್ರೈವರ್ ಅದನ್ನು ತಪ್ಪಿಸಿಕೊಂಡು ರಾಮದುರ್ಗಕ್ಕೆ ಹೊರಟುಹೋದ. ಹುಡುಗಿ ನನ್ನ ಅಂಗಡಿಯಲ್ಲೇ ಇದ್ದಳು.

ಸೋಮವ್ವ ಬಂದವಳೇ ಮಗಳನ್ನು ಅಪ್ಪಿಕೊಂಡಳು. ಗಂಡನ ಕಡೆ ನೋಡಲೇ ಇಲ್ಲ. ಪೊಲೀಸ್ ಮೇಡಂಗೆ ಫೋನ್ ಮಾಡಿದವನು ನಾನು. ಅವರು ಕೂಡಲೇ ರಾಮದುರ್ಗದ ನಿಲ್ದಾಣಕ್ಕೆ ಜನ ಕಳಿಸಿ, ತಾವು ಸುರೇಬಾನಕ್ಕೆ, ನಿಜಗುಣಪ್ಪನ ಅಂಗಡಿಯ ಮುಂದಕ್ಕೇ ಬಂದರು. ನಿಲ್ದಾಣದ ಹೊರಗೆ ಬಿಳಿ ಕಾರೊಂದು ಇಂಜಿನ್ ಬಂದ್ ಮಾಡದೆ ಬಹಳ ಹೊತ್ತು ನಿಂತಿತ್ತು, ನಮ್ಮೂರ ಬಸ್ಸು ಬಂದು ಜನ ಇಳಿದ ಮೇಲೆ ಹೋಯಿತು ಎಂದು ಚಹಾದ ಅಂಗಡಿಯವನು ಹೇಳಿದನಂತೆ. ಗುರುನಾಥನ ಹೆಸರು ಆಗಲೇ ಮೊಬೈಲಿನಿಂದ ಮಾಯವಾಗಿತ್ತು. ಹುಡುಗಿ ಸಂದೇಶಗಳನ್ನು ಅಳಿಸಿರಲಿಲ್ಲ, ಅದೊಂದು ಒಳ್ಳೆಯದಾಯಿತು, ಮೇಡಂ ಎಲ್ಲವನ್ನೂ ದಾಖಲೆಗೆ ತೆಗೆದುಕೊಂಡರು. ಆ ಬಿಳಿ ಕಾರಿನ ಮಾತು ಕೇಳಿದ ಮೇಲೆ ನನಗೆ ನಾನು ಹೊಲಿದ ಪರಕಾರವನ್ನು ನೋಡಲು ಆಗಲಿಲ್ಲ.

ಅಷ್ಟಕ್ಕೂ ನಿಮ್ಮ ಗುರುತಿನ ಮಾತು ಯಾವುದು ಎಂದು ಮೇಡಂ ಕೇಳಿದರು. ಗುರವ್ವ ಮೇಲಕ್ಕೆ ಬೆರಳು ತೋರಿಸಿದಳು. ಮೇಡಂ ದೇವರನ್ನು ತೋರಿಸುತ್ತಿದ್ದಾಳೆಂದು ತಿಳಿದು ಮೇಲೆ ನೋಡಿದರು, ಬೋರ್ಡ್ ಕಂಡಿತು. ಓದಿದರು. ಮತ್ತೊಮ್ಮೆ ಓದಿದರು.

"ಮೇಡಂ, ಬೋರ್ಡು ಹೊರಗ ಐತ್ರಿ, ಮಾತು..." ಎಂದು ಶುರು ಮಾಡಿದ ನಿಜಗುಣಪ್ಪ ತಾನಾಗಿಯೇ ನಿಂತ.

ಮೇಡಂ ಅವನನ್ನು ಬಿಟ್ಟು ಹುಡುಗಿಯ ಹತ್ತಿರ ಕೂತರು. ಅವ್ವನಿಗೆ ಹೇಳಬೇಡ ಎಂದು ಅವನು ಬರೆದಾಗ ನಿನಗೆ ಏನೂ ಅನಿಸಲಿಲ್ಲವೇ ಎಂದರು. ಅನಿಸಿತು ಎಂದಳು. ಹಾಗಾದರೆ ಯಾರಿಗೂ ಯಾಕೆ ಹೇಳಲಿಲ್ಲ ಎಂದರು.

"ಹೇಳಿದ್ನಿರಿ," ಎಂದಳು ಐಶ್ವರ್ಯಾ.

ಯಾರಿಗೆ ಎಂದು ಅವಳು ಹೇಳಲಿಲ್ಲ. ಬೆರಳೂ ತೋರಿಸಲಿಲ್ಲ. ಆ ಅಂಗಡಿಯಲ್ಲಿ ತಕ್ಕಡಿ ಇನ್ನೂ ಒಂದು ಕಡೆ ವಾಲಿಕೊಂಡು ನಿಂತಿತ್ತು. ನಿಜಗುಣಪ್ಪ ಅದನ್ನು ನೋಡಿದ, ಮಗಳನ್ನು ನೋಡಿದ, ಆಮೇಲೆ ಬೋರಲು ಹಾಕಿದ್ದ ಕೊಪ್ಪರಿಗೆಯ ಮೇಲೆ ಕೂತು ಮುಖ ಮುಚ್ಚಿಕೊಂಡ.

"ನಾ ಕೇಳಲಿಲ್ಲರಿ," ಎಂದ. "ಹೇಳಾಕ ಬಂದಿತ್ತು ನನ್ನ ಕೂಸು. ನಾ ಕೇಳಲಿಲ್ಲ."

ಮೇಡಂ ಆಗ ಸಭೆಯ ಎರಡನೆಯ ಮಾತನ್ನು ಇನ್ನೊಮ್ಮೆ ಹೇಳಿದರು. ಈ ಸಲ ತೊರಗಲ್ಲಿನವರು ಅಲ್ಲೇ ಕೂತಿದ್ದರಿಂದ ಫೋನ್ ಬರಲಿಲ್ಲ. ಅವನು ಪೂರ್ತಿ ಕೇಳಿದ. ಮನೆಯವರಿಗೆ ಹೇಳಬೇಡ ಎನ್ನುವವನು ಯಾವ ಗುರುತಿನ ಮಾತು ಹೇಳಿದರೂ ನಮ್ಮವನಲ್ಲ ಎಂಬುದನ್ನೂ ಕೇಳಿದ.

ಮನೆಯಲ್ಲಿ ಆಮೇಲೆ ದೊಡ್ಡ ರಂಪವಾಗುತ್ತದೆಂದು ಮರೆವ್ವ ಕಾದಿದ್ದಳು. ಸೊಸೆ ತುಂಬಿದ ಬಸ್ಸಿನಲ್ಲಿ ಗಂಡನ ಹೆಸರು ಹಿಡಿದು ಕೂಗಿದ್ದನ್ನು ಗುರವ್ವ ಬಿಟ್ಟಾಳೆಯೆ? ಮುದುಕಿ ಬಹಳ ಹೊತ್ತು ಎಲೆ ಅಡಿಕೆ ಅಗಿದು, "ಹೇಳ್ಲಿ ಬಿಡು. ಹಡದಾಕಿ ನಾನು, ನನಗ ಒಮ್ಮೆರ ಹೇಳಾಕ ಬರಲಿಲ್ಲ" ಎಂದಳಂತೆ. ಅಷ್ಟಕ್ಕೇ ಮುಗಿಯಿತು. ಮರೆವ್ವನಿಗೆ ನಿರಾಸೆಯಾಯಿತು.

ಈಗ ಅವರ ಮನೆಗೆ ಹೊಸ ಗುರುತಿನ ಮಾತು ಬಂದಿದೆ. ಆರಿಸಿದವಳು ಐಶ್ವರ್ಯಾ, ಯಾವ ಬೋರ್ಡಿನ ಮೇಲೂ ಇಲ್ಲದ ಮಾತು. ಗುರವ್ವ ಅದನ್ನು ಬಾಯಿಪಾಠ ಮಾಡುವಾಗ ನನ್ನ ಅಂಗಡಿಯ ತನಕ ಕೇಳುತ್ತದೆ. ಆಗೆಲ್ಲ ನಾನು ಮಷೀನನ್ನು ಜೋರಾಗಿ ತುಳಿಯುತ್ತೇನೆ. ಸೋಮವ್ವನೂ ಬದಲಾಗಿದ್ದಾಳೆ. ದಿನವೂ ಅಲ್ಲ, ಆದರೆ ಗಂಡ ಅರ್ಧ ಕಿವಿಯಲ್ಲಿ ಕೇಳುತ್ತಿದ್ದಾನೆ ಎಂದು ಅನುಮಾನ ಬಂದರೆ ಒಳಗಿನಿಂದ ಸ್ಪಷ್ಟವಾಗಿ ಅವನ ಪೂರ್ತಿ ಹೆಸರು ಬರುತ್ತದೆ. ನಳಕ್ಕೆ ನೀರು ಬಂತೆಂದು ಕೇಳಿದವನ ಹಾಗೆ ಅವನು ಎದ್ದು ಓಡುತ್ತಾನೆ.

ಮೊನ್ನೆ ನಾನು ಒಂದು ತಂಬಿಗೆ ಕೊಳ್ಳಲು ಅವನ ಅಂಗಡಿಗೆ ಹೋಗಿದ್ದೆ. ಅವನು ಅದನ್ನು ತೂಕಕ್ಕೆ ಇಡುತ್ತಿದ್ದ. ಐಶ್ವರ್ಯಾ ಬಂದು, ಅಪ್ಪಾ, ಮೊಬೈಲಿನಾಗ ಒಂದು ಬಂದೈತಿ ಎಂದಳು. ನಿಜಗುಣಪ್ಪ ನನ್ನ ತಂಬಿಗೆಯನ್ನು ತಕ್ಕಡಿಯಿಂದ ತೆಗೆದು ನೆಲದ ಮೇಲಿಟ್ಟ. ಅದೇ ಹೊತ್ತಿಗೆ ಅವನ ಫೋನ್ ಬಡಿಯಿತು. ಅದೇ ವಿಮೆ ಕಂಪನಿಯ ಹುಡುಗಿ.

"ನಮಸ್ಕಾರ, ನಿಜಗುಣಪ್ಪ ಅವರಾ?"

"ಅಲ್ಲ ತಂಗಿ," ಎಂದ. "ಆ ಹೆಸರಿಂದ ನನ್ನ ಕರಿಯಾಕಿ ಮನ್ಯಾಗ ಒಬ್ಬಾಕಿ ಅದಾಳ. ಆಕಿ ಕರದ್ರ ಅಷ್ಟ ಓಗೊಡತೇನಿ."

ಫೋನ್ ಬಂದ್ ಮಾಡಿ ಗಲ್ಲಾಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚಿದ. ನನಗೆ ಕುಳಿತುಕೊಳ್ಳಲು ಕೈಸನ್ನೆ ಮಾಡಿ, ಮಗಳ ಕಡೆ ಪೂರ್ತಿ ತಿರುಗಿ ಕೂತ.

"ಹೇಳವಾ," ಎಂದ.